ಅವ್ವನ ಹಂಡೆ, ನನ್ನ ಗೀಜರ್

ಮಿನ್ನೆಸೋಟಾದಲ್ಲಿರುವ ನಮ್ಮ ಟೀಮಿನವನೊಬ್ಬ ಅಕ್ಟೋಬರಿನಲ್ಲಿ ಒಂದು ಕಾಲ್‌ಗೆ ಹತ್ತು ನಿಮಿಷ ತಡವಾಗಿ ಬಂದ. ಕ್ಷಮೆ ಕೇಳಿ, ಚಳಿಗಾಲಕ್ಕೆ ಮನೆ ತಯಾರು ಮಾಡುತ್ತಿದ್ದೆ ಅಂದ. ಹೊರಗಿನ ನಲ್ಲಿ ಬಂದ್ ಮಾಡಿ, ಪೈಪಿನಲ್ಲಿದ್ದ ನೀರನ್ನೆಲ್ಲ ಖಾಲಿ ಮಾಡಿದನಂತೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಪೈಪಿನೊಳಗೇ ಹಿಗ್ಗಿದರೆ ಪೈಪು ಒಡೆಯುತ್ತದೆ, ಆಮೇಲೆ ಮನೆಯೆಲ್ಲ ಕೆರೆ. "ನಿಮ್ಮ ಊರಲ್ಲಿ ಏನು ಮಾಡ್ತೀರಿ?" ಅಂತ ಕೇಳಿದ. "ಏನೂ ಇಲ್ಲ, ಒಂದು ಸ್ವೆಟರ್ ಹಾಕ್ಕೋತೀವಿ" ಅಂದೆ. ಎಲ್ಲರೂ ನಕ್ಕರು.

ಕಾಲ್ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮಲ್ಲಿ ಚಳಿಗಾಲಕ್ಕೆ ಏನೂ ತಯಾರಿ ಬೇಕಿಲ್ಲ ಅಂತ ನಾನು ಖರೇನೇ ನಂಬಿದ್ದೆ. ಹಂಗೆ ನಂಬಿದ್ದಕ್ಕೆ ಹಿಂದಿನ ವರ್ಷದ ಚಳಿಗಾಲದಲ್ಲಿ ನಮ್ಮಪ್ಪ ಸಾಯುವುದರಲ್ಲಿದ್ದ.

ನಮ್ಮೂರು ಯಲಬುರ್ಗಾ ತಾಲೂಕಿನ ಒಂದು ಸಣ್ಣ ಹಳ್ಳಿ. ಎರಿ ಹೊಲ, ಹಿಂಗಾರಿ ಜೋಳ, ಕಡಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿಗೆ ಚಳಿ ಎಲ್ಲಿಂದ ಬರಬೇಕು ಅಂತ ಬೆಂಗಳೂರಿನ ಗೆಳೆಯರು ಕೇಳುತ್ತಾರೆ. ಡಿಸೆಂಬರ್ ಮುಗಿಯುವ ಹೊತ್ತಿಗೆ ಒಮ್ಮೆ ಬಂದು ನೋಡಿ. ಬಯಲು ಸೀಮೆ, ತಡೆಯಲು ಗುಡ್ಡ ಇಲ್ಲ, ಗಿಡ ಇಲ್ಲ. ಕೆಲವು ದಿನ ನಸುಕಿನಲ್ಲಿ 15 ಡಿಗ್ರಿಗೆ ಇಳಿಯುತ್ತದೆ. ನಿಮಗೆ 15 ಅಂದರೆ ಎಸಿ ರಿಮೋಟಿನ ಒಂದು ಅಂಕಿ ಇರಬಹುದು. ಐದು ಗಂಟೆಗೆ ಎದ್ದು ಹೊಲಕ್ಕೆ ಹೋಗುವ ಎಪ್ಪತ್ತರ ಮುದುಕನಿಗೆ ತಣ್ಣೀರು ಸುರಿದುಕೊಳ್ಳುವುದು ಅಂದರೆ ಬೇರೆ.

ಹಾಗಾಗಿ ನಮ್ಮ ಮನೆಯ ಬಚ್ಚಲಿನಲ್ಲಿ ಹಂಡೆ ಇದೆ. ತಾಮ್ರದ್ದು, ಅವ್ವನ ಮದುವೆಯಲ್ಲಿ ಅವಳ ತವರಿನವರು ಕುಷ್ಟಗಿ ಕಡೆಯಿಂದ ಕೊಟ್ಟಿದ್ದು. ಅದರ ಕೆಳಗೆ ಮಣ್ಣಿನ ಒಲೆ. ಉರುವಲಿಗೆ ಬಳ್ಳಾರಿ ಜಾಲಿ, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ, ಕುಳ್ಳು. ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಆದರೆ ಗ್ಯಾಸ್ ಇರುವುದು ಚಹಾಕ್ಕೆ, ಪಲ್ಯಕ್ಕೆ. ರೊಟ್ಟಿ ಮತ್ತು ಜಳಕದ ನೀರು ಒಲೆಯ ಪಾಲು. ಹಂಗಾಗಿ ಅವ್ವ ದಿನಕ್ಕೆ ಮೂರು ತಾಸು ಹೊಗೆಯಲ್ಲೇ ಇರುತ್ತಿದ್ದಳು.

2023ರ ಮಳೆಗಾಲದಲ್ಲಿ ಅವ್ವನ ಕೆಮ್ಮು ಜಾಸ್ತಿಯಾಗಿ ಕೊಪ್ಪಳಕ್ಕೆ ತೋರಿಸಿದೆವು. ಡಾಕ್ಟರು ಊದಿಸಿ ನೋಡಿದರು, ಎಕ್ಸರೇ ತೆಗೆಸಿದರು. "ನಿಮ್ಮ ತಾಯಿ ಬೀಡಿ ಸೇದ್ತಾರೇನ್ರಿ?" ಅಂದರು. ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಡಾಕ್ಟರು ನಗಲಿಲ್ಲ. ನಲವತ್ತು ವರ್ಷ ಒಲೆ ಊದಿದವರ ಎದೆ, ನಲವತ್ತು ವರ್ಷ ಬೀಡಿ ಸೇದಿದವರ ಎದೆಯಂತೆಯೇ ಆಗುತ್ತದೆ, ಇನ್ನು ಹೊಗೆ ಬೇಡ ಅಂದರು.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಸಮಸ್ಯೆ ಕೇಳಿದ ಕೂಡಲೇ ಪರಿಹಾರ ಆರ್ಡರ್ ಮಾಡುವುದು ನಮ್ಮ ರೋಗ. ಮೊದಲು ಸೋಲಾರ್ ನೋಡಿದೆ. ನಮ್ಮದು ಮಾಳಿಗೆ ಮನೆ, ಮೇಲೆ ಮಣ್ಣು. 200 ಲೀಟರಿನ ಟ್ಯಾಂಕ್ ಅಂದರೆ ನೀರೇ 200 ಕಿಲೋ, ಅದರ ಮೇಲೆ ಸ್ಟ್ಯಾಂಡು, ಗಾಜಿನ ಕೊಳವೆಗಳ ಭಾರ. ನಮ್ಮ ತೊಲೆ ತಡೆಯುವುದಿಲ್ಲ ಅಂತ ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ. ಆಮೇಲೆ ಗಂಗಾವತಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. "ನಮ್ಮ ಮನ್ಯಾಗ ಕರೆಂಟಿನ ಗೀಜರ್ ಐತಿ ನೋಡು, ಆರು ವರ್ಷ ಆತು, ಒಂದು ದಿನ ರಿಪೇರಿ ಇಲ್ಲ" ಅಂದಳು. ಅದೇ ಕಂಪನಿ, ಅದೇ ಮಾಡೆಲ್, 15 ಲೀಟರ್, 2000 ವ್ಯಾಟ್. 20 ಡಿಗ್ರಿಯ 15 ಲೀಟರ್ ನೀರನ್ನು 60ಕ್ಕೆ ಏರಿಸಲು ಹೆಚ್ಚುಕಡಿಮೆ ಮುಕ್ಕಾಲು ಯೂನಿಟ್, ಇಪ್ಪತ್ತು ನಿಮಿಷ. ಗೃಹಜ್ಯೋತಿ ಆಗ ತಾನೇ ಶುರುವಾಗಿತ್ತು. ಲೆಕ್ಕ ಪಕ್ಕಾ ಆಯಿತು.

ದೀಪಾವಳಿಗೆ ಎರಡು ದಿನ ರಜೆ ಹಾಕಿ ಹೋದೆ. ಪಕ್ಕದೂರಿನಿಂದ ಒಬ್ಬನನ್ನು ಕರೆಸಿ, ಬಚ್ಚಲಿನ ಗೋಡೆಗೆ ಗೀಜರ್ ಬಿಗಿಸಿ, ಹೊರಗೆ ಕಲ್ಲಿನ ಕಟ್ಟೆಯ ಮೇಲೆ ಸಿಂಟೆಕ್ಸ್ ಇಡಿಸಿ, ಪೈಪ್ ಎಳೆಸಿದೆ. ಸಂಜೆ ನಾಲ್ಕಕ್ಕೆ ನಲ್ಲಿಯಲ್ಲಿ ಬಿಸಿನೀರು ಬಂತು. ಅಪ್ಪ ಬೆರಳು ಅದ್ದಿ ನೋಡಿ, "ಏ, ಕುದಿಯಾಕತ್ತಾವಲ್ಲೋ" ಅಂದ. ನಾನು ಫೋಟೋ ತೆಗೆದು ಸ್ಟೇಟಸ್ ಹಾಕಿಕೊಂಡೆ.

ಅವತ್ತೇ ನೀರು ತುಂಬುವ ಹಬ್ಬ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನರಕ ಚತುರ್ದಶಿಯ ಹಿಂದಿನ ಸಂಜೆ ಬಚ್ಚಲು ತೊಳೆದು, ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಹೊಳೆಯಿಸಿ, ಒಲೆ ಸಾರಿಸಿ, ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡುತ್ತಾರೆ. ಮರುದಿನ ನಸುಕಿನಲ್ಲಿ ಆ ನೀರಿನಲ್ಲೇ ಎಣ್ಣೆ ಜಳಕ. ಅವ್ವ ಎಂದಿನಂತೆ ಹುಣಸೆಹಣ್ಣು ನೆನೆಸಿಟ್ಟಿದ್ದಳು. ನಾನು, "ಯವ್ವಾ, ಇನ್ನ ಹಂಡೆ ಯಾಕ ತಿಕ್ಕತಿ? ಅಟ್ಟಕ್ಕ ಏರಿಸು" ಅಂದೆ. ಅವಳು ಉತ್ತರ ಕೊಡಲಿಲ್ಲ, ತಿಕ್ಕುವುದನ್ನೂ ಬಿಡಲಿಲ್ಲ.

ಮೊದಲ ಚಳಿಗಾಲ ಚೆನ್ನಾಗೇ ಕಳೆಯಿತು. ಎರಡನೆಯ ದೀಪಾವಳಿಗೆ ರಿಲೀಸ್ ಇತ್ತು, ಊರಿಗೆ ಹೋಗಲಿಲ್ಲ. ಫೋನಿನಲ್ಲಿ, "ಗೀಜರ್ ಹೆಂಗೈತಿ?" ಅಂದೆ. "ಚಲೋ ಐತಪ್ಪಾ, ಸ್ವಲ್ಪ ತಡಾ ಕಾಯತೈತಿ ಅಷ್ಟ" ಅಂದಳು. ಆ 'ಸ್ವಲ್ಪ ತಡಾ' ಅನ್ನುವುದು ಒಂದು ವಾರ್ನಿಂಗ್ ಲಾಗ್. ನಮ್ಮ ಆಫೀಸಿನ ಯಾವುದಾದರೂ ಸರ್ವರ್ ಹಾಗೆ ನಿಧಾನವಾಗಿದ್ದರೆ ಮೂವರು ಎದ್ದು ಕೂರುತ್ತಿದ್ದೆವು. ನಾನು ಸರಿ ಅಂತ ಫೋನಿಟ್ಟೆ.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ಊರಿಗೆ ಹೋದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ ಹೋಗುತ್ತವೆ. ನಮ್ಮ ಓಣಿಯ ಹೆಂಗಸರೆಲ್ಲ ಸೇರಿ ರೊಟ್ಟಿ ಬಡಿಯುತ್ತಿದ್ದರು. ಮುಖ ತೊಳೆಯಲು ಬಚ್ಚಲಿಗೆ ಹೋದರೆ ಹಂಡೆಯ ಕೆಳಗೆ ಬೆಂಕಿ. ಗೀಜರಿನ ಪ್ಲಗ್ ಕಿತ್ತು ಮೇಲೆ ಸುತ್ತಿಟ್ಟಿದ್ದರು. ಅದರ ನಲ್ಲಿಗೆ ಅಪ್ಪನ ಟವೆಲ್ ನೇತುಹಾಕಿತ್ತು. ಅಪ್ಪ ಬಲಗೈಯನ್ನು ಸ್ವಲ್ಪ ಮೈಗೆ ಅಂಟಿಸಿಕೊಂಡೇ ಓಡಾಡುತ್ತಿದ್ದ.

"ಏನಾತು ಕೈಗೆ?"

"ಜಾರಿ ಬಿದ್ದಿದ್ದೆ, ಏನಿಲ್ಲ ಬಿಡು."

ರಾತ್ರಿ ಊಟದ ಹೊತ್ತಿಗೆ ಅವ್ವನೇ ಬಾಯಿಬಿಟ್ಟಳು. ಎಳ್ಳಮಾಸಿ ದಿನ ಚರಗ ಚೆಲ್ಲಲು ಹೊಲಕ್ಕೆ ಹೋಗಬೇಕು ಅಂತ ಅಪ್ಪ ನಸುಕಿನಲ್ಲೇ ಜಳಕಕ್ಕೆ ಇಳಿದಿದ್ದಾನೆ. ಒದ್ದೆ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು ಬಕೆಟ್ ಸರಿಸುವಾಗ ಹಿಂಗೈ ನಲ್ಲಿಗೆ ತಾಕಿದೆ. ಕರೆಂಟ್ ಎಳೆದು ಒಗೆದಿದೆ. ಹಂಡೆಯ ಕಟ್ಟೆಗೆ ಭುಜ ಬಡಿದು ಬಿದ್ದಿದ್ದಾನೆ. ಅಂಗೈಯಲ್ಲಿ ನಲ್ಲಿ ಹಿಡಿದಿದ್ದರೆ ಮುಷ್ಟಿ ಬಿಗಿದುಕೊಂಡು ಬಿಡಿಸಲು ಆಗುತ್ತಿರಲಿಲ್ಲ. ಹಿಂಗೈ ಅಂತ ಉಳಿದ.

"ಹದಿನೈದು ದಿನ ಆತು. ನನಗ್ಯಾಕ ಹೇಳಲಿಲ್ಲ?" ಅಂತ ಜೋರು ಮಾಡಿದೆ.

"ಹೇಳಿದ್ರ ನೀ ಏನ್ ಮಾಡ್ತಿದ್ದಿ? ಕೆಲಸ ಬಿಟ್ಟು ಓಡಿ ಬರ್ತಿದ್ದಿ. ಪ್ರೀತೀಲೆ ತಂದು ಕೊಟ್ಟಿ, ನಿನ್ನ ಮನಸಿಗೆ ಬ್ಯಾಸರ ಆಕ್ಕೈತಿ ಅಂತ ಸುಮ್ನಾದ್ವಿ" ಅಂದಳು ಅವ್ವ.

ಈ ಹದಿನೈದು ದಿನವೂ ನಾನು ಫೋನ್ ಮಾಡಿದ್ದೆ. ಬಿಸಿನೀರು ಬರತಾವೇನು ಅಂತ ಕೇಳಿದ್ದೆ. "ಕುದಿತಾವಪ್ಪಾ" ಅಂತ ಅವಳು ಹೇಳಿದ್ದಳು. ಅದು ಸುಳ್ಳೂ ಅಲ್ಲ. ಹಂಡೆಯ ನೀರು ಕುದಿಯುತ್ತಲೇ ಇತ್ತು. ಅವಳು ಅದರ ಮುಂದೆ ಕೂತು ಮತ್ತೆ ಹೊಗೆ ಕುಡಿಯುತ್ತಿದ್ದಳು.

ಮರುದಿನ ನಮ್ಮೂರಿನ ಎಲೆಕ್ಟ್ರಿಷಿಯನ್ ಹುಡುಗನನ್ನು ಕರೆದೆ. ಐಟಿಐ ಮಾಡಿದವನು, ನನಗಿಂತ ಹತ್ತು ವರ್ಷ ಸಣ್ಣವನು. ಮೊದಲು ಸಾಕೆಟ್ ಬಿಚ್ಚಿದ. "ಅಣ್ಣಾ, ಮೂರು ತೂತು ಅದಾವು, ವಾಯರ್ ಎರಡ ಅದಾವು" ಅಂದ. ಮೂರನೆಯದು ಅರ್ಥಿಂಗ್. ನಮ್ಮ ಮನೆಗೆ ಅರ್ಥಿಂಗೇ ಇರಲಿಲ್ಲ. ಹಳೆಯ ವೈರಿಂಗ್, ಲೈಟು ಫ್ಯಾನಿಗೆ ಸಾಕು ಅಂತ ಹಾಕಿದ್ದು. ನಾನು ಅದಕ್ಕೆ 2000 ವ್ಯಾಟಿನ ಗೀಜರ್ ಸಿಗಿಸಿ ಬೆಂಗಳೂರು ಬಸ್ಸು ಹತ್ತಿದ್ದೆ. ಬಿಇ ಮೊದಲ ವರ್ಷದ ಬೇಸಿಕ್ ಎಲೆಕ್ಟ್ರಿಕಲ್ ಪರೀಕ್ಷೆಯಲ್ಲಿ ಪೈಪ್ ಅರ್ಥಿಂಗ್ ಚಿತ್ರ ಸ್ಕೇಲಿಟ್ಟು ಬರೆದು ಮಾರ್ಕ್ಸ್ ತಗೊಂಡವನು ನಾನು. ಇದ್ದಿಲು ಎಲ್ಲಿ, ಉಪ್ಪು ಎಲ್ಲಿ ಅಂತ ಬಾಣದ ಗುರುತು ಹಾಕಿದ್ದು ಇನ್ನೂ ನೆನಪಿದೆ. ಅಪ್ಪನ ಬಚ್ಚಲಿನಲ್ಲಿ ಆ ಚಿತ್ರ ನೆನಪಾಗಲಿಲ್ಲ.

ಆಮೇಲೆ ಗೀಜರ್ ಇಳಿಸಿ ಕೆಳಗಿನ ಮುಚ್ಚಳ ಬಿಚ್ಚಿದ. ಹೀಟಿಂಗ್ ಎಲಿಮೆಂಟ್ ಕಾಣಲೇ ಇಲ್ಲ. ಅದರ ಮೇಲೆ ಬೆರಳು ದಪ್ಪ ಬಿಳಿ ಗಚ್ಚು, ಟ್ಯಾಂಕಿನ ತಳದಲ್ಲಿ ಎರಡು ಬೊಗಸೆ ಸುಣ್ಣದ ಚಕ್ಕೆ. ಗಚ್ಚು ಕೆತ್ತಿದಾಗ ಎಲಿಮೆಂಟಿನ ಮೇಲಿನ ಲೋಹದ ಕವಚ ಸೀಳಿದ್ದು ಕಂಡಿತು.

ಆಗಿದ್ದು ಇಷ್ಟು. ನಮ್ಮ ಬೋರಿನ ನೀರು ಗಡಸು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಂಶ ನೀರು ಕಾದಾಗ ಸುಣ್ಣವಾಗಿ ಬೇರ್ಪಟ್ಟು, ಎಲ್ಲಕ್ಕಿಂತ ಬಿಸಿ ಇರುವ ಜಾಗದಲ್ಲಿ ಕೂರುತ್ತದೆ. ಆ ಜಾಗವೇ ಎಲಿಮೆಂಟು. ಗಚ್ಚು ಕಟ್ಟಿದ ಎಲಿಮೆಂಟು ಕಂಬಳಿ ಹೊದ್ದಂತೆ: ಶಾಖ ನೀರಿಗೆ ಹೋಗುವುದಿಲ್ಲ, ಒಳಗೇ ಉಳಿಯುತ್ತದೆ. ಅದಕ್ಕೇ 'ಸ್ವಲ್ಪ ತಡಾ'. ಕೊನೆಗೆ ಕವಚ ಸೀಳಿ ಕರೆಂಟು ನೀರಿಗೆ ಇಳಿಯುತ್ತದೆ. ಅರ್ಥಿಂಗ್ ಇದ್ದರೆ ಅದು ವಾಯರಿನಲ್ಲಿ ಭೂಮಿಗೆ ಹೋಗುತ್ತಿತ್ತು. ಇರಲಿಲ್ಲವಾದ್ದರಿಂದ ಅಪ್ಪನ ಮೈಯಲ್ಲಿ ಹೋಯಿತು.

ಫ್ಯೂಜ್ ಯಾಕೆ ಹೋಗಲಿಲ್ಲ ಅಂತ ಅಪ್ಪ ಕೇಳಿದ. ಒಳ್ಳೆಯ ಪ್ರಶ್ನೆ. ಫ್ಯೂಜ್ ಆಗಲಿ, 16 ಆಂಪಿಯರಿನ ಎಂಸಿಬಿ ಆಗಲಿ, ವಾಯರ್ ಸುಡದಂತೆ ಕಾಯುವುದಕ್ಕೆ ಇರುವುದು. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರಿನ ಸಣ್ಣ ತುಣುಕು ಸಾಕು, ಅದು ಎಂಸಿಬಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಬೇರೆ ಆರ್‌ಸಿಸಿಬಿ ಅಂತ ಬೇಕು. ಹೋದ ಕರೆಂಟು, ತಿರುಗಿ ಬಂದ ಕರೆಂಟು ಎರಡನ್ನೂ ಅದು ತಾಳೆ ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕತ್ತರಿಸುತ್ತದೆ.

ಹಾಗಾದರೆ ಅಕ್ಕನ ಗೀಜರ್ ಆರು ವರ್ಷ ಹೇಗೆ ನಡೆಯಿತು? ಅವಳಿಗೆ ಬರುವುದು ತುಂಗಭದ್ರೆಯ ನೀರು. ಹೊಳೆಯ ನೀರು, ಮೆದು. ನಮ್ಮದು ನೂರಾರು ಅಡಿ ಕೆಳಗಿನ ಬಂಡೆಯ ನೀರು. ಜಿಲ್ಲೆ ಒಂದೇ, ಗಂಗಾವತಿಯಲ್ಲಿ ಕಾಲುವೆ ನೀರಿಗೆ ಭತ್ತ ಬೆಳೆಯುತ್ತಾರೆ, ಯಲಬುರ್ಗಾ ಕುಷ್ಟಗಿಯಲ್ಲಿ ಕೊಡ ಹಿಡಿದು ಕಾಯುತ್ತಾರೆ. ಅವ್ವನ ತವರಿನ ಕಡೆ ಅನೇಕರ ಹಲ್ಲು ಕಂದು. ಅದು ನೀರಿನ ಫ್ಲೋರೈಡು, ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದು ಮತ್ತಷ್ಟು ಗಟ್ಟಿಯಾಗುತ್ತದೆ. ಇದೆಲ್ಲ ನಾನು ಹುಟ್ಟಿದಾಗಿನಿಂದ ನೋಡಿದ್ದೇ. ಆದರೂ ಗಂಗಾವತಿಯಲ್ಲಿ ನಡೆದದ್ದು ಯಲಬುರ್ಗಾದಲ್ಲೂ ನಡೆಯುತ್ತದೆ ಅಂದುಕೊಂಡೆ. ಜೂನಿಯರ್ ಹುಡುಗರು "ನನ್ನ ಮಷೀನಲ್ಲಿ ವರ್ಕ್ ಆಗ್ತಿದೆ ಸರ್" ಅಂದರೆ ಬೈಯುತ್ತೇನೆ. ನಾನೂ ಅದನ್ನೇ ಮಾಡಿದ್ದೆ.

ಹುಡುಗ ಎಲಿಮೆಂಟ್ ತೋರಿಸಿ, "ವರ್ಷಕ್ಕೊಮ್ಮೆ ಚಳಿಗಾಲದ ಮೊದಲ ಬಿಚ್ಚಿ ಸ್ವಚ್ಛ ಮಾಡಬೇಕಣ್ಣಾ. ವಿನೆಗರ್‌ನ್ಯಾಗ ನೆನಸಿಟ್ರ ಈ ಗಚ್ಚು ಬಿಡತೈತಿ" ಅಂದ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವ್ವ, "ಹುಳಿ ಅಲ್ಲೇನು? ಹುಣಸಿಹಣ್ಣು ಆಗಂಗಿಲ್ಲೇನು?" ಅಂದಳು.

ನಾನು ಅವಳ ಮುಖ ನೋಡಿದೆ. ನಲವತ್ತು ವರ್ಷದಿಂದ ನೀರು ತುಂಬುವ ಹಬ್ಬಕ್ಕೆ ಅವಳು ಮಾಡುತ್ತಿದ್ದದ್ದು ಅದನ್ನೇ. ಮಳೆಗಾಲ ಮುಗಿದು ಚಳಿ ಕಾಲಿಡುವ ಮೊದಲು ಹಂಡೆ ಖಾಲಿ ಮಾಡಿ, ಒಳಗೆ ಕಟ್ಟಿದ ಗಚ್ಚು ಕೆತ್ತಿ, ಹುಣಸೆಯ ಹುಳಿ ಹಚ್ಚಿ ತಿಕ್ಕಿ, ತಳ ತೂತು ಬಿದ್ದಿದೆಯೋ ನೋಡಿ, ಒಲೆಯ ಬಿರುಕು ಮೆತ್ತಿ, ಹೊಸ ನೀರು ತುಂಬುವುದು. ಆಮ್ಲ ಸುಣ್ಣವನ್ನು ಕರಗಿಸುತ್ತದೆ ಅಂತ ನಾನು ಪಿಯುಸಿಯಲ್ಲಿ ಸಮೀಕರಣ ಬರೆದು ಕಲಿತೆ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಮಿನ್ನೆಸೋಟಾದವನು ನಲ್ಲಿ ಬಂದ್ ಮಾಡಿ ಪೈಪ್ ಖಾಲಿ ಮಾಡಿದ ಹಾಗೆ ನಮಗೂ ಒಂದು ಪದ್ಧತಿ ಇತ್ತು. ಅದಕ್ಕೆ ತಾರೀಖು ಸಹ ಇತ್ತು, ಮರೆಯಬಾರದು ಅಂತ ಹಬ್ಬ ಮಾಡಿದ್ದರು. ನಾನು ಮನೆಗೆ ಗೀಜರ್ ತಂದೆ, ಹಬ್ಬ ಹಂಡೆಗೆ ಮಾತ್ರ ಅಂದುಕೊಂಡೆ.

ಈ ವರ್ಷ ದೀಪಾವಳಿಗೆ ಎಂಟು ದಿನ ರಜೆ ಹಾಕಿದೆ. ಮೊದಲ ಕೆಲಸ ಅರ್ಥಿಂಗ್. ಹುಡುಗ ಮನೆಯ ಮುಂದೆ ಗುಂಡಿ ತೋಡೋಣ ಅಂದ. ಅಪ್ಪ ಬೇಡ ಅಂದ. "ಅರ್ಥಿಂಗಿಗೆ ಹಸಿ ಬೇಕಂತಿ. ಮುಂದ ತೋಡಿದ್ರ ಬ್ಯಾಸಿಗಿಗೆ ಎರಿ ಬಿರಿತೈತಿ, ಯಾರು ನೀರು ಹಾಕ್ತಾರ? ಹಿತ್ತಲದಾಗ ಬಚ್ಚಲ ನೀರು ಹೋಗೂ ಕಡೆ ತೋಡ್ರಿ. ದಿನಾ ಜಳಕ ಮಾಡ್ತೀವಿ, ದಿನಾ ಹಸಿ ಇರತೈತಿ." ಹುಡುಗ ನನ್ನನ್ನು ನೋಡಿ ನಕ್ಕ. ಅಲ್ಲೇ ಏಳು ಅಡಿ ತೋಡಿ, ಪೈಪ್ ಇಳಿಸಿ, ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿದೆವು. ನಾನು ಚಿತ್ರ ಬರೆದಿದ್ದೆ, ಉಪ್ಪು ಸುರಿದದ್ದು ಅದೇ ಮೊದಲು.

ಆಮೇಲೆ ಗೀಜರಿಗೆ ಬೇರೆಯೇ ದಪ್ಪ ವಾಯರ್, ಆರ್‌ಸಿಸಿಬಿ, ಹೊಸ ಎಲಿಮೆಂಟ್. ಎಲಿಮೆಂಟಿನ ಜೊತೆಗಿರುವ ಮೆಗ್ನೀಸಿಯಂ ಸಲಾಕೆ ಟ್ಯಾಂಕು ತುಕ್ಕು ಹಿಡಿಯುವ ಬದಲು ತಾನು ಸವೆಯುತ್ತದೆ. ನಮ್ಮದು ಸವೆದು ದಾರದಂತಾಗಿತ್ತು, ಅದನ್ನೂ ಬದಲಿಸಿದೆವು. ಥರ್ಮೋಸ್ಟಾಟ್ 60ರಿಂದ 50ಕ್ಕೆ ಇಳಿಸಿದೆವು, ಬಿಸಿ ಕಡಿಮೆಯಾದಷ್ಟು ಗಚ್ಚು ಕಡಿಮೆ. ಬಿಸಿನೀರಿಗೆ ಸಾದಾ ಪಿವಿಸಿ ಪೈಪ್ ಹಾಕಿದ್ದರು, ಮೆತ್ತಗಾಗಿ ಜೋತುಬಿದ್ದಿತ್ತು. ಅದನ್ನು ಕಿತ್ತು ಸಿಪಿವಿಸಿ ಹಾಕಿಸಿದೆ.

ಹಂಡೆಯನ್ನು ಅಟ್ಟಕ್ಕೆ ಏರಿಸಲಿಲ್ಲ. ಕರೆಂಟು ಹೋದ ದಿನ, ಮಂದಿ ಬಂದ ದಿನ ಅದು ಬೇಕು. ಆದರೆ ಒಲೆ ಬದಲಾಯಿತು. ಹೊಗೆ ಮನೆಯೊಳಗೆ ಉಳಿಯದಂತೆ ಒಲೆ ಕಟ್ಟುವುದು ಹೊಸ ವಿದ್ಯೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ 'ಅಸ್ತ್ರ' ಕೇಂದ್ರದಿಂದ ಬಂದ ಅಸ್ತ್ರ ಒಲೆಯ ಹೆಸರನ್ನು ನಿಮ್ಮ ಅಜ್ಜಿಯರು ಕೇಳಿರಬಹುದು. ತತ್ವ ಸರಳ: ಬೆಂಕಿ ಸುತ್ತಲೂ ಮುಚ್ಚಿರಬೇಕು, ಗಾಳಿ ಕೆಳಗಿನಿಂದ ಬರಬೇಕು, ಹೊಗೆ ಕೊಳವೆಯಲ್ಲಿ ಮೇಲೆ ಹೋಗಬೇಕು. ಗೌಂಡಿಯನ್ನು ಕರೆದು ಹಂಡೆಯ ಸುತ್ತ ಕಟ್ಟೆ ಕಟ್ಟಿಸಿ, ಮಾಳಿಗೆಯ ಮೇಲೆ ಮೂರು ಅಡಿ ಎತ್ತರಕ್ಕೆ ಹೊಗೆ ಕೊಳವೆ ಹಾಕಿಸಿದೆ. ಅವ್ವ ಒಮ್ಮೆ ಉರಿ ಹಾಕಿ, ಕೊಳವೆಯ ತುದಿಯಲ್ಲಿ ಹೊಗೆ ಬರುವುದನ್ನು ಅಂಗಳದಲ್ಲಿ ನಿಂತು ನೋಡಿದಳು. "ಇಷ್ಟು ದಿನ ಇದೆಲ್ಲ ನನ್ನ ಹೊಟ್ಟ್ಯಾಗ ಹೋಗತಿತ್ತು?" ಅಂದಳು. ನನಗೆ ಮಾತು ಬರಲಿಲ್ಲ.

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಇದನ್ನು ಓದುತ್ತಿರುವವರಿಗೂ ಎರಡು ಮಾತು. ನಿಮ್ಮ ಬಾತ್‌ರೂಮಿನಲ್ಲಿ ಗ್ಯಾಸ್ ಗೀಜರ್ ಇದ್ದರೆ, ಕಿಟಕಿ ಮುಚ್ಚಿ ಜಳಕ ಮಾಡಬೇಡಿ. ಗಾಳಿ ಸಾಲದಾದಾಗ ಅದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಚಳಿ ಅಂತ ಕಿಟಕಿ ಮುಚ್ಚಿದವರೇ ಹೆಚ್ಚು ಸಾಯುವುದು. ಸಾಧ್ಯವಾದರೆ ಅದನ್ನು ಬಾತ್‌ರೂಮಿನ ಹೊರಗೆ ಹಾಕಿಸಿ. ಕರೆಂಟಿನದಾದರೆ ನಿಮ್ಮ ಮೀಟರ್ ಬೋರ್ಡಿನಲ್ಲಿ 'ಟಿ' ಅಂತ ಬರೆದ ಸಣ್ಣ ಗುಂಡಿ ಇದೆಯೋ ನೋಡಿ. ಅದು ಆರ್‌ಸಿಸಿಬಿಯ ಟೆಸ್ಟ್ ಗುಂಡಿ. ತಿಂಗಳಿಗೊಮ್ಮೆ ಒತ್ತಬೇಕು. ಒತ್ತಿದಾಗ ಕರೆಂಟು ಹೋದರೆ ಸರಿ. ಹೋಗದಿದ್ದರೆ, ಅಥವಾ ಗುಂಡಿಯೇ ಇಲ್ಲದಿದ್ದರೆ, ಮನೆ ಮಾಲೀಕರ ಜೊತೆ ಜಗಳ ಮಾಡಲು ಇದು ಒಳ್ಳೆಯ ಕಾರಣ. ಮತ್ತು ಊರಿನಲ್ಲಿರುವ ಅಪ್ಪ ಅಮ್ಮನಿಗೆ ನೀವು ಕಳಿಸಿಕೊಟ್ಟ ವಸ್ತು ಹೇಗಿದೆ ಅಂತ ಫೋನಿನಲ್ಲಿ ಮಾತ್ರ ಕೇಳಬೇಡಿ. ಹೋಗಿ ನೋಡಿ.

ನೀರು ತುಂಬುವ ಸಂಜೆ ಅವ್ವ ಹಂಡೆ ತಿಕ್ಕಿದಳು, ನಾನು ಕಟ್ಟಿಗೆ ಒಟ್ಟಿದೆ. ಹಂಡೆಗೆ ಸುಣ್ಣದ ಪಟ್ಟೆ ಬರೆದು ಮುಗಿದ ಮೇಲೆ ಬಟ್ಟಲಲ್ಲಿ ಸ್ವಲ್ಪ ಸುಣ್ಣ ಉಳಿದಿತ್ತು. ಅವ್ವ ಗೋಡೆಯ ಗೀಜರನ್ನು ಒಮ್ಮೆ ನೋಡಿ, ಸ್ಟೂಲು ಹಾಕಿಕೊಂಡು ಹತ್ತಿ, ಅದಕ್ಕೂ ಒಂದು ಪಟ್ಟೆ ಎಳೆದಳು.

ಇಳಿಯುವ ಮೊದಲು ಆ 'ಟಿ' ಗುಂಡಿ ಯಾವುದು ಅಂತ ಕೇಳಿ ತಿಳಿದುಕೊಂಡಳು. ತಿಂಗಳಿಗೊಮ್ಮೆ ಅಂದರೆ ಯಾವತ್ತು ಅಂದಳು. ಯಾವತ್ತಾದರೂ ಸರಿ, ಕ್ಯಾಲೆಂಡರಿನಲ್ಲಿ ಒಂದನೇ ತಾರೀಖು ಅಂತ ಇಟ್ಟುಕೋ ಅಂದೆ. "ತಾರೀಖು ನನಗ ನೆಪ್ಪಿರಂಗಿಲ್ಲ" ಅಂದಳು.

ಮೊನ್ನೆ ಮೀಟಿಂಗಿನ ನಡುವೆ ಅವಳ ಫೋನ್ ಬಂತು. ಗಾಬರಿಯಾಗಿ ಹೊರಗೆ ಓಡಿ ಬಂದು ಎತ್ತಿದೆ.

"ಏನಿಲ್ಲೋ ತಮ್ಮಾ. ಇವತ್ತ ಅಮಾಸಿ. ಗುಂಡಿ ಒತ್ತೀನಿ. ಟಕ್ ಅಂತು, ಲೈಟ್ ಹೋತು. ಮತ್ತ ಮ್ಯಾಲ ಮಾಡೀನಿ. ಇಡ್ತೀನಿ, ಕೆಲಸ ಮಾಡಕೋ."